ಬಾಯಾರಿದ ಕುದುರೆ, ಮುಚ್ಚಿದ ಬಾವಿ

ಅಲ್ಬೇನಿಯಾದ ಇಸ್ಮಾಯಿಲ್ ಕಡಾರೆ 1970ರಲ್ಲಿ ಪ್ರಕಟಿಸಿದ ಕಾದಂಬರಿಯ ಮೂಲ ಹೆಸರಿನ ಅರ್ಥ 'ಕೋಟೆ'. ಡೇವಿಡ್ ಬೆಲ್ಲೋಸ್ ಅವರ ಇಂಗ್ಲಿಷ್ ಅನುವಾದದಲ್ಲಿ ಅದು 'ದಿ ಸೀಜ್', ಅಂದರೆ ಮುತ್ತಿಗೆ. ಹದಿನೈದನೇ ಶತಮಾನದಲ್ಲಿ ಒಟ್ಟೋಮನ್ ಸೈನ್ಯ ಒಂದು ಕೋಟೆಯನ್ನು ಸುತ್ತುವರಿದಿದೆ. ತೋಪಿಗೆ ಗೋಡೆ ಬೀಳುತ್ತಿಲ್ಲ. ಆಗ ಒಂದು ಕುದುರೆಗೆ ದಿನಗಟ್ಟಲೆ ನೀರು ಕೊಡದೆ, ಬಯಲಲ್ಲಿ ಅಡ್ಡಾಡಿಸುತ್ತಾರೆ. ನೆಲದೊಳಗೆ ಕೋಟೆಗೆ ಹರಿಯುವ ನೀರಿನ ಜಾಡನ್ನು ಅದು ಮೂಸಿ ಹಿಡಿಯುತ್ತದೆ.

ಕೊಲ್ಹಾರದವನಾದ ನನಗೆ ಇಲ್ಲಿ ವಿಜಯಪುರ ನೆನಪಾಗದಿರಲು ಸಾಧ್ಯವೇ?

ಕಡಾರೆ ಕಥೆಯನ್ನು ಬಹುಪಾಲು ಮುತ್ತಿಗೆ ಹಾಕಿದವರ ಡೇರೆಗಳಿಂದಲೇ ಹೇಳುತ್ತಾನೆ. ಕೋಟೆಯೊಳಗಿನವರಿಗೆ ಸಿಗುವುದು ನಡುನಡುವೆ 'ನಾವು' ಎಂದು ಮಾತಾಡುವ ಪುಟ್ಟ ಅಧ್ಯಾಯಗಳು ಮಾತ್ರ. ಡೇರೆಯಲ್ಲಿ ಮೆವ್ಲಾ ಚೆಲೆಬಿ ಎಂಬ ಚರಿತ್ರಕಾರನಿದ್ದಾನೆ. ಕಣ್ಣೆದುರಿನ ಸಾವನ್ನು ಪಾಷಾನಿಗೆ ಒಪ್ಪುವ ಮಾತಾಗಿ ತಿರುಗಿಸುವುದೇ ಅವನ ಕೆಲಸ. ಕಾದಂಬರಿಯ ನಿಜವಾದ ಬಲ ಈ ಪಾತ್ರದಲ್ಲಿದೆ.

ನಮ್ಮಲ್ಲೂ ಒಬ್ಬ ಚೆಲೆಬಿ ಇದ್ದ. ವಿಜಯಪುರದ ಮುತ್ತಿಗೆ 1685ರ ಏಪ್ರಿಲ್‌ನಲ್ಲಿ ಶುರುವಾಗಿ 1686ರ ಸೆಪ್ಟೆಂಬರ್ 12ಕ್ಕೆ ಮುಗಿಯಿತು. ಮೊಘಲ್ ಪಾಳೆಯದಲ್ಲೇ ಕಾಳಿಗೆ ಬರ ಬಿತ್ತು. ಕೊನೆಗೆ ಔರಂಗಜೇಬ ತಾನೇ ಬಂದ, ಹರೆಯದ ಸಿಕಂದರ್ ಆದಿಲ್‌ಶಾಹ ಶರಣಾದ. ಇದನ್ನು ನಾವು ಓದುವುದು ಹೆಚ್ಚಾಗಿ ಸಾಕಿ ಮುಸ್ತಾಯಿದ್ ಖಾನನಂಥ ಗೆದ್ದವರ ಕಡೆಯ ಬರಹಗಾರರಿಂದ. ಗೆದ್ದವನು ಮಲಿಕ್-ಎ-ಮೈದಾನ್ ತೋಪಿನ ಮೇಲೂ ತನ್ನ ವಿಜಯವನ್ನು ಕೆತ್ತಿಸಿದ. ಆ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನ ಹೆಸರಲ್ಲಿ 'ರೂಮಿ' ಎಂದಿದೆ. ರೂಮ್ ಎಂದರೆ ಆಗ ಒಟ್ಟೋಮನ್ನರ ನಾಡು. ಕಡಾರೆಯ ಕಥೆಗೂ ನಮ್ಮ ಶೆರ್ಜಾ ಬುರುಜಿಗೂ ಅಂಥ ದೂರವೇನಿಲ್ಲ.

ನನ್ನ ತಕರಾರು ಬೇರೆ. ಇಪ್ಪತ್ತು ವರ್ಷ ಮೊದಲು ಜಯಸಿಂಹ ವಿಜಯಪುರದತ್ತ ಬಂದಾಗ, ಎರಡನೇ ಅಲಿ ಆದಿಲ್‌ಶಾಹ ಸುತ್ತಲಿನ ಕೆರೆ ಬರಿದು ಮಾಡಿಸಿ, ಬಾವಿಗಳಿಗೆ ಮಣ್ಣು ತುಂಬಿಸಿದ. ಜಯಸಿಂಹ 1666ರ ಜನವರಿಯಲ್ಲಿ ಹಿಂದೆ ಸರಿದ. ಜದುನಾಥ ಸರ್ಕಾರರಂಥ ಚರಿತ್ರಕಾರರು ಇದನ್ನು ರಕ್ಷಣೆಯ ತಂತ್ರವೆಂದು ಬರೆದರು. ತಂತ್ರವೇ ಹೌದು. ಆದರೆ ಆ ಬಾವಿಗಳು ಯಾರವು? ಮರುದಿನ ಮುಂಜಾನೆ ಕೊಡ ಹೊತ್ತು ಬಂದವಳು ಏನು ಮಾಡಿದಳು?

ಕಡಾರೆಯಲ್ಲೂ ಈ ಮೂರನೆಯವರು ಇಲ್ಲ. ಕೋಟೆಯ ಹೊರಗಿನ ಹಳ್ಳಿ ಅವನಲ್ಲಿ ಬರುವುದು ದಾಳಿಯಲ್ಲಿ ಸೆರೆಸಿಕ್ಕ ಹೆಂಗಸರ ರೂಪದಲ್ಲಿ ಅಷ್ಟೆ. ಚರಿತ್ರಕಾರನ ಕುರುಡನ್ನು ಅಷ್ಟು ಚೆನ್ನಾಗಿ ತೋರಿಸಿದ ಲೇಖಕ, ಮುತ್ತಿಗೆಗೆ ಎರಡೇ ಪಕ್ಷಗಳೆಂಬ ಅವನ ಲೆಕ್ಕವನ್ನು ಮಾತ್ರ ಹಾಗೇ ಒಪ್ಪಿಕೊಂಡುಬಿಟ್ಟ.

ನಮ್ಮ ಹಳೇ ಕೊಲ್ಹಾರ ಆಲಮಟ್ಟಿಯ ಹಿನ್ನೀರಿನಲ್ಲಿದೆ. ಅದು ಯುದ್ಧವಲ್ಲ, ಹೋಲಿಸುವುದೂ ಸರಿಯಲ್ಲ. ಆದರೆ ಅಣೆಕಟ್ಟಿನ ಕಡತದಲ್ಲಿ ಎತ್ತರ, ಎಕರೆ, ಪರಿಹಾರ ಸಿಗುತ್ತವೆ; ನಮ್ಮ ಆಯಿ ಹೇಳುವ "ಹಳೇ ಊರಾಗಿನ ಬಾವಿ ನೀರ ಸಿಹಿ ಇತ್ತ ನೋಡ" ಎಂಬ ಮಾತು ಸಿಗುವುದಿಲ್ಲ. ಕಡಾರೆಯನ್ನು ಓದಿ ಮುಗಿಸಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ಆ ಬಾವಿ ಎಲ್ಲಿತ್ತೆಂದು ಅವಳನ್ನು ಕೇಳಿ ಬರೆದಿಟ್ಟುಕೊಂಡದ್ದು.