ಗಣಕಯಂತ್ರದ ಕೀಲಿಕೈ: ಪದವಿಯ ಗುರುತೋ, ಹೊಣೆಯ ಭಾರವೋ?

ವ್ಯಾಪಾರಿ ಸಮಾಜದಲ್ಲಿ ತಿಜೋರಿಯ ಕೀಲಿಕೈಗೆ ಒಂದು ಮರ್ಯಾದೆಯಿತ್ತು. ಅದು ಯಾರ ಸೊಂಟದಲ್ಲಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ತಿಜೋರಿ ತೆರೆದರೆ ಸದ್ದಾಗುತ್ತಿತ್ತು. ರೋಜಕೀರ್ದಿಯಲ್ಲಿ ಒಂದು ಅಂಕಿಯನ್ನು ತಿದ್ದಿದರೆ ಮಸಿಯ ಗುರುತು ಉಳಿಯುತ್ತಿತ್ತು. ಇಂದು ರಾಯಚೂರಿನ ಅಡತ್ ಅಂಗಡಿ, ಹತ್ತಿಯ ಜಿನ್ನಿಂಗ್ ಕಾರ್ಖಾನೆ, ಮಾನ್ವಿಯ ಅಕ್ಕಿ ಗಿರಣಿ, ದೇವದುರ್ಗದ ಸಹಕಾರಿ ಸಂಘ, ಎಲ್ಲೆಡೆಯೂ ಲೆಕ್ಕವು ಗಣಕಯಂತ್ರಕ್ಕೆ ಸೇರಿದೆ. ಅದರ ಬೀಗ ಕಣ್ಣಿಗೆ ಕಾಣದು; ತೆರೆದ ಸದ್ದು ಕಿವಿಗೆ ಕೇಳದು. ಆದುದರಿಂದಲೇ ಅದರ ಕೀಲಿಕೈಯ ವಿಷಯದಲ್ಲಿ ಹೆಚ್ಚಿನ ವಿವೇಕ ಬೇಕು.

ಯಂತ್ರದ ಸಂಪೂರ್ಣ ಅಧಿಕಾರವನ್ನು ಕೊಡುವ ಗುಪ್ತಪದವನ್ನು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಎನ್ನುತ್ತಾರೆ. ಅದುಳ್ಳವನು ಹೊಸ ಬಳಕೆದಾರರನ್ನು ಸೇರಿಸಬಲ್ಲನು, ಇದ್ದವರನ್ನು ತೆಗೆಯಬಲ್ಲನು. ಅನೇಕ ವ್ಯವಸ್ಥೆಗಳಲ್ಲಿ ನಮೂದನ್ನು ಅಳಿಸಿ, ಅಳಿಸಿದ ಗುರುತನ್ನೂ ಅಳಿಸಬಲ್ಲನು. ಅರಿಯದೆ ಒತ್ತಿದ ಒಂದು ಗುಂಡಿಯಿಂದ ವರ್ಷದ ಲೆಕ್ಕವೇ ಕಾಣೆಯಾದೀತು. ಹೀಗಿದ್ದರೂ ಯಂತ್ರದ ಪರಿಚಯವೇ ಇಲ್ಲದ ವ್ಯವಸ್ಥಾಪಕರು ‘ನಾನು ಮೇಲಿನವನು, ನನಗೇ ಕೊಡದಿದ್ದರೆ ಹೇಗೆ?’ ಎಂದು ಈ ಅಧಿಕಾರವನ್ನು ಕೇಳುವುದುಂಟು. ಈ ಬೇಡಿಕೆಯನ್ನು ಪರಿಶೀಲಿಸಬೇಕಾಗಿದೆ.

ಬೇಡಿಕೆಯ ಹಿಂದೆ ಮೂರು ಕಾರಣಗಳಿರಬಹುದು. ಮೊದಲನೆಯದು ಪದವಿಯ ಅಭಿಮಾನ. ಇದು ನಿಲ್ಲದ ವಾದ. ಗಿರಣಿಯ ಮಾಲೀಕನೆಂಬ ಕಾರಣಕ್ಕೆ ಯಾರೂ ವಿದ್ಯುತ್ ಫಲಕದೊಳಗೆ ಕೈ ಹಾಕುವುದಿಲ್ಲ. ಎರಡನೆಯದು ಸಂಶಯ: ಗುಮಾಸ್ತನು ಏನು ಮಾಡುತ್ತಿದ್ದಾನೋ ತಿಳಿಯಬೇಕೆಂಬುದು. ಇದು ನ್ಯಾಯವೇ, ಆದರೆ ನೋಡುವುದಕ್ಕೆ ತಿದ್ದುವ ಅಧಿಕಾರ ಬೇಕಿಲ್ಲ. ಮೂರನೆಯದು ಭಯ: ಯಂತ್ರವನ್ನು ಬಲ್ಲವನು ನಾಳೆ ಕೆಲಸ ಬಿಟ್ಟರೆ ಸಂಸ್ಥೆಯ ಗತಿಯೇನು? ಈ ಭಯ ನಿಜವಾದುದು, ಗೌರವಕ್ಕೆ ಅರ್ಹವಾದುದು. ಮೂರನ್ನೂ ಒಂದೇ ಎಂದು ಬಗೆದು ಕೊಟ್ಟುಬಿಡುವುದೂ ತಪ್ಪು, ತಳ್ಳಿಹಾಕುವುದೂ ತಪ್ಪು.

ಅಧಿಕಾರವನ್ನು ಹಂಚುವ ಪಾಠಕ್ಕೆ ಕರ್ನಾಟಕದ ‘ಭೂಮಿ’ ಯೋಜನೆಯೇ ಉತ್ತಮ ನಿದರ್ಶನ. ಹಿಂದೆ ರಾಜ್ಯದ ಪಹಣಿಗಳು ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ದೇವದುರ್ಗ, ಮಾನ್ವಿ ತಾಲೂಕುಗಳ ರೈತನು ತನ್ನ ಹೊಲದ ಒಂದು ನಕಲಿಗಾಗಿ ಅವರನ್ನೇ ಕಾಯಬೇಕಾಗಿತ್ತು. 2002ರ ವೇಳೆಗೆ ಸುಮಾರು 2 ಕೋಟಿ ದಾಖಲೆಗಳು ಅಂದಿನ 177 ತಾಲೂಕು ಕೇಂದ್ರಗಳ ಗಣಕಯಂತ್ರಗಳಿಗೆ ಬಂದವು. 15 ರೂಪಾಯಿ ಶುಲ್ಕಕ್ಕೆ ಪಹಣಿ ದೊರೆಯತೊಡಗಿತು. ಯೋಜನೆಯನ್ನು ರೂಪಿಸಿದವರು ದಾಖಲೆಯನ್ನು ಮುಟ್ಟುವ ನೌಕರರ ಗುರುತಿಗೆ ಗುಪ್ತಪದವನ್ನಷ್ಟೇ ನಂಬದೆ ಬೆರಳಚ್ಚನ್ನು ಕಡ್ಡಾಯ ಮಾಡಿದರು. ಗುಪ್ತಪದವನ್ನು ಮೇಲಧಿಕಾರಿ ಕೇಳಿದರೆ ಕೆಳಗಿನವನು ಹೇಳಿಬಿಡುತ್ತಾನೆ. ಬೆರಳನ್ನು ಹಾಗೆ ಕೊಡಲಾಗದು. ಮಾಡಿದ ಬದಲಾವಣೆಯನ್ನು ‘ನಾನಲ್ಲ’ ಎನ್ನಲೂ ಆಗದು. ಆದರೂ ಈ ಕಾವಲಿಗೆ ಒಂದು ಮಿತಿಯಿದೆ. ಬೆರಳಿಟ್ಟು ಯಂತ್ರ ತೆರೆದವನು ಅದನ್ನು ಇನ್ನೊಬ್ಬನಿಗೆ ಒಪ್ಪಿಸಿ ಎದ್ದುಹೋದರೆ ಬೆರಳಚ್ಚೂ ವ್ಯರ್ಥ. ಯಂತ್ರವು ನಡತೆಗೆ ನೆರವಾದೀತು, ನಡತೆಯ ಸ್ಥಾನವನ್ನು ತುಂಬಲಾರದು.

ಹಾಗಾದರೆ ಬಲ್ಲವನು ಕೀಲಿಕೈಯನ್ನು ತನ್ನಲ್ಲೇ ಇರಿಸಿಕೊಂಡರೆ ಸರಿಯೇ? ಇದಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಪ್ರಕರಣ ಉತ್ತರ ಹೇಳುತ್ತದೆ. ಅಲ್ಲಿನ ನಗರಾಡಳಿತದ ಗಣಕಜಾಲವನ್ನು ನೋಡಿಕೊಳ್ಳುತ್ತಿದ್ದ ಟೆರ್ರಿ ಚೈಲ್ಡ್ಸ್ ಎಂಬ ನೌಕರನು ತನ್ನ ಮೇಲಧಿಕಾರಿಗಳು ಅನರ್ಹರೆಂದು ಬಗೆದು 2008ರ ಜುಲೈನಲ್ಲಿ ಗುಪ್ತಪದಗಳನ್ನು ಕೊಡಲು ನಿರಾಕರಿಸಿದನು. ಬಂಧನವಾಯಿತು. ಕೊನೆಗೆ ಸೆರೆಮನೆಗೇ ಬಂದ ಮೇಯರ್ ಗ್ಯಾವಿನ್ ನ್ಯೂಸಮ್ ಅವರಿಗೆ ಮಾತ್ರ ಅವುಗಳನ್ನು ಒಪ್ಪಿಸಿದನು. 2010ರಲ್ಲಿ ಅವನಿಗೆ 4 ವರ್ಷಗಳ ಶಿಕ್ಷೆಯಾಯಿತು. ಆ ದಿನಗಳಲ್ಲಿ ಜಾಲವು ನಿಲ್ಲದೆ ನಡೆಯುತ್ತಲೇ ಇತ್ತು. ಅವನ ಕೌಶಲದಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದುದು ತಿಳುವಳಿಕೆಯಲ್ಲಿ: ಕಾಯಲು ಕೊಟ್ಟದ್ದನ್ನು ಅವನು ತನ್ನ ಸ್ವತ್ತೆಂದು ಭಾವಿಸಿದನು. ಅನರ್ಹನ ಆಗ್ರಹ ಮತ್ತು ಅರ್ಹನ ಮಮಕಾರ, ಎರಡೂ ಪರಿಗ್ರಹದ ರೂಪಗಳೇ. ನಗರಾಡಳಿತದ ದೋಷವೂ ಸಣ್ಣದಲ್ಲ. ಅಷ್ಟು ದೊಡ್ಡ ಜಾಲವು ಒಬ್ಬನ ನೆನಪಿನ ಮೇಲೆ ನಿಲ್ಲುವವರೆಗೆ ಅದು ಸುಮ್ಮನಿತ್ತು.

ಗಣಕಶಾಸ್ತ್ರಜ್ಞರಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲಿಯೇ ಒಂದು ನಿಯಮವನ್ನು ನಿರೂಪಿಸಿದ್ದರು: ಪ್ರತಿಯೊಬ್ಬನಿಗೂ ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು. ಇದರಂತೆ ನಡೆಯುವುದು ಸಣ್ಣ ಸಂಸ್ಥೆಗೂ ಕಷ್ಟವಲ್ಲ. ವ್ಯವಸ್ಥಾಪಕನಿಗೆ ಅವನದೇ ಹೆಸರಿನ ಪ್ರವೇಶ ಕೊಟ್ಟು, ಎಲ್ಲವನ್ನೂ ನೋಡುವ ಆದರೆ ತಿದ್ದಲಾಗದ ವ್ಯವಸ್ಥೆ ಮಾಡಬೇಕು. ಸಂಪೂರ್ಣ ಅಧಿಕಾರದ ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯಲ್ಲಿಟ್ಟು, ಇಬ್ಬರ ಸಹಿಯಿಂದ ಮಾತ್ರ ತೆರೆಯಬೇಕು; ತೆರೆದ ಬಳಿಕ ಗುಪ್ತಪದವನ್ನು ಬದಲಿಸಬೇಕು. ಅದನ್ನು ಬಲ್ಲವರು ಇಬ್ಬರಾದರೂ ಇರಬೇಕು. ಇಷ್ಟರ ಮೇಲೂ ಮೇಲಿನವರು ಪಟ್ಟುಹಿಡಿದರೆ ಗುಮಾಸ್ತನು ವಾದಕ್ಕಿಳಿಯದೆ, ‘ಸಾಹುಕಾರರೇ, ಕಾರಣ ಸಹಿತ ಬರೆದುಕೊಡಿ; ಪಾಲುದಾರರೆಲ್ಲರಿಗೂ ತಿಳಿಸಿ, ನಿಮ್ಮ ಹೆಸರಿನಲ್ಲಿಯೇ ತೆರೆದುಕೊಡುತ್ತೇನೆ’ ಎನ್ನುವುದು ವಿನಯಕ್ಕೂ ಸತ್ಯಕ್ಕೂ ಒಪ್ಪುವ ಮಾರ್ಗ.

ಆದರೆ ತಿಂಗಳ ಸಂಬಳವನ್ನು ನಂಬಿದ ಗುಮಾಸ್ತನಿಂದ ಇಷ್ಟು ಧೈರ್ಯವನ್ನು ಬಯಸುವುದೇ ಅನ್ಯಾಯವಾದೀತು. ಅವನು ಹೆದರಿ ತನ್ನ ಗುಪ್ತಪದವನ್ನೇ ಹೇಳುತ್ತಾನೆ. ಆ ರಾತ್ರಿ ಯಾರೋ ತೂಕದ ಲೆಕ್ಕವನ್ನು ತಿದ್ದಿದರೂ ದಾಖಲೆಯಲ್ಲಿ ಮೂಡುವುದು ಗುಮಾಸ್ತನ ಹೆಸರು. ಹತ್ತಿ ತಂದ ರೈತನಿಗೆ ಹಣ ಕಡಿಮೆ. ನಿರಪರಾಧಿಗೆ ಪೊಲೀಸ್ ಠಾಣೆ. ಆದ್ದರಿಂದ ನಿಯಮವನ್ನು ಮಾಡುವ ಹೊಣೆ ಮಾಲೀಕನದು, ಮತ್ತು ಅದು ಮೊದಲು ಅವನಿಗೇ ಅನ್ವಯಿಸಬೇಕು.

ಕಂಪನಿಗಳು ಪ್ರತಿಯೊಂದು ತಿದ್ದುಪಡಿಯ ಗುರುತನ್ನೂ ಉಳಿಸುವ, ಆ ಗುರುತನ್ನು ನಿಲ್ಲಿಸಲಾಗದ ಲೆಕ್ಕದ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪಾಲುದಾರಿಕೆಯ ಅಂಗಡಿಗಳಿಗೆ ಈ ಕಟ್ಟಳೆಯಿಲ್ಲ. ಕಾನೂನು ಒತ್ತಾಯಿಸದಿದ್ದರೂ ಅದನ್ನು ತಾನಾಗಿ ಒಪ್ಪಿಕೊಳ್ಳುವ ವ್ಯಾಪಾರಿಯ ಲೆಕ್ಕವನ್ನು ಗ್ರಾಹಕನೂ ನಂಬುತ್ತಾನೆ, ಗುಮಾಸ್ತನೂ ನೆಮ್ಮದಿಯಿಂದ ನಿದ್ರಿಸುತ್ತಾನೆ.