ಬಿಳಿಗಾರ, ಮೆಟಾಲ್ ಮತ್ತು ಫ್ರಿಜ್ಜಿನ ರೋಲುಗಳು

ನಮ್ಮ ಮನೆಯ ಫ್ರಿಜ್ಜಿನಲ್ಲಿ ತರಕಾರಿ ಇಡುವ ಡ್ರಾಯರಿನ ಅರ್ಧ ಭಾಗ ಸುಮಾರು ಹತ್ತು ವರ್ಷ ನನ್ನ ವಶದಲ್ಲಿತ್ತು. ಕೊತ್ತಂಬರಿ ಸೊಪ್ಪಿನ ಪಕ್ಕ ಒಂದು ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಕಪ್ಪು-ಬಿಳುಪು ಫಿಲ್ಮಿನ ರೋಲುಗಳು. "ಇದನ್ನ ಸಾರಿಗೆ ಹಾಕೋದೋ, ಪಲ್ಯಕ್ಕೋ?" ಎಂದು ನನ್ನ ಹೆಂಡತಿ ವರ್ಷಕ್ಕೆ ಎರಡು ಸಲವಾದರೂ ಕೇಳುತ್ತಿದ್ದಳು. 2011ರಲ್ಲಿ ಕೊಡಕ್ ಕಂಪನಿ ಪ್ಲಸ್-ಎಕ್ಸ್ ಫಿಲ್ಮನ್ನು ನಿಲ್ಲಿಸಿದಾಗ ಗಾಬರಿಬಿದ್ದು ಇಪ್ಪತ್ತು ರೋಲು ಕೊಂಡಿದ್ದೆ. 2013ರಲ್ಲಿ ಫ್ಯೂಜಿಯ ನಿಯೋಪ್ಯಾನ್ 400 ಹೋಯಿತು, ಮತ್ತೆ ಹದಿನೈದು. ಬಾಗಿಲು ಹಾಕುತ್ತಿದ್ದ ಅಂಗಡಿಯೊಂದರಲ್ಲಿ ಸಿಕ್ಕಿತೆಂದು ಇಲ್ಫರ್ಡ್ ಡೆಲ್ಟಾ 3200 ಹತ್ತು. ಬರಗಾಲಕ್ಕೆ ಕಣಜ ತುಂಬಿಕೊಂಡವನ ನೆಮ್ಮದಿ ಆಗ.

ಕಣಜಕ್ಕೆ ಹುಳ ಬಿತ್ತು. ನಾಲ್ಕು ವರ್ಷದ ಮೇಲೆ ಡೆಲ್ಟಾ 3200ರ ಒಂದು ರೋಲು ತೆಗೆದು ರಾತ್ರಿ ಹೊತ್ತಿನ ಜಾತ್ರೆಯಲ್ಲಿ ಹೊಡೆದೆ. ತೊಳೆದು ನೋಡಿದರೆ ನೆಗೆಟಿವ್ ಪೂರ್ತಿ ಬೂದಿ ಬಳಿದಂತೆ ಮಬ್ಬು. ತೇರಿನ ದೀಪಗಳು ಬಿಟ್ಟರೆ ಮಿಕ್ಕಿದ್ದೆಲ್ಲ ಆ ಬೂದಿಯಲ್ಲಿ ಹೂತುಹೋಗಿತ್ತು. ವೇಗದ ಫಿಲ್ಮು ಬೆಳಕಿಗೆ ಎಷ್ಟು ಸೂಕ್ಷ್ಮವೋ ಆಕಾಶದಿಂದ ಸದಾ ಸುರಿಯುವ ಕಾಸ್ಮಿಕ್ ಕಿರಣಕ್ಕೂ ಅಷ್ಟೇ ಸೂಕ್ಷ್ಮ. ಆ ಕಿರಣವನ್ನು ಫ್ರಿಜ್ಜಿನ ತಂಪು ತಡೆಯುವುದಿಲ್ಲ. ಅದೇ ಡಬ್ಬಿಯಲ್ಲಿದ್ದ ಪ್ಲಸ್-ಎಕ್ಸ್‌ನ ವೇಗ ಬರೀ 125. ಅದಕ್ಕೆ ಹತ್ತು ವರ್ಷವಾದರೂ ಏನೂ ಆಗಿರಲಿಲ್ಲ. ಕೂಡಿಡಲೇಬೇಕು ಅನ್ನುವವರು ನಿಧಾನದ ಫಿಲ್ಮನ್ನು ಇಡಲಿ. 3200ರದ್ದನ್ನು ಸೊಪ್ಪಿನ ಹಾಗೆ ತಂದ ವಾರವೇ ಮುಗಿಸಬೇಕು.

ನಮ್ಮ ಗಾಬರಿಗೆ ಕಾರಣವಿಲ್ಲದೆ ಇರಲಿಲ್ಲ. 2004ರಲ್ಲಿ ಇಲ್ಫರ್ಡ್ ದಿವಾಳಿಯ ಅಂಚಿಗೆ ಬಂತು. ಮರುವರ್ಷ ಆಗ್ಫಾಫೋಟೋ ಮುಳುಗಿತು. ಅದೇ 2005ರಲ್ಲಿ ಕೊಡಕ್ ತನ್ನ ಕಪ್ಪು-ಬಿಳುಪು ಪ್ರಿಂಟಿಂಗ್ ಪೇಪರನ್ನು ನಿಲ್ಲಿಸುವುದಾಗಿ ಹೇಳಿತು. 2012ರ ಜನವರಿಯಲ್ಲಿ ಕೊಡಕ್ ಸ್ವತಃ ದಿವಾಳಿ ಅರ್ಜಿ ಹಾಕಿತು. 2018ರಲ್ಲಿ ಫ್ಯೂಜಿಯ ಆಕ್ರೋಸ್ ಹೋಯಿತು. ಮುಂದಿನ ವರ್ಷ ಆಕ್ರೋಸ್-2 ಎಂಬ ಹೆಸರಲ್ಲಿ ಮರಳಿ ಬಂದಾಗ ಜಪಾನಿನ ಆ ಫಿಲ್ಮಿನ ಡಬ್ಬಿಯ ಮೇಲೆ ಇಂಗ್ಲೆಂಡಿನಲ್ಲಿ ತಯಾರಾದದ್ದು ಎಂದು ಅಚ್ಚಾಗಿತ್ತು.

ಆದರೆ ಈ ಸಾವು-ನೋವಿನ ಪಟ್ಟಿಯನ್ನು ನಾವು ಓದಿಕೊಂಡ ರೀತಿ ತಪ್ಪು. 2004ರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಇಲ್ಫರ್ಡ್ ಕಥೆ ಮುಗಿಯಿತು, ಕೊಡಕ್ ದೊಡ್ಡ ಆನೆ, ಅದನ್ನೇ ನಂಬಿ. ಆದದ್ದು ತಲೆಕೆಳಗು. ಚೆಷೈರ್ ಕೌಂಟಿಯ ಮಾಬರ್ಲಿಯಲ್ಲಿರುವ ಇಲ್ಫರ್ಡ್ ಕಾರ್ಖಾನೆಯನ್ನು ಅಲ್ಲಿಯ ಮ್ಯಾನೇಜರುಗಳೇ ಸೇರಿ ಕೊಂಡು 2005ರಲ್ಲಿ ಹಾರ್ಮನ್ ಟೆಕ್ನಾಲಜಿ ಎಂದು ಹೆಸರಿಟ್ಟರು. ಸಂಸಾರ ಚಿಕ್ಕದು ಮಾಡಿಕೊಂಡು, ಕಪ್ಪು-ಬಿಳುಪನ್ನೇ ನೆಚ್ಚಿ ಬದುಕಿದರು. ಕೊಡಕ್‌ನದು ಬೇರೆ ಲೆಕ್ಕ. ರಾಚೆಸ್ಟರಿನ ಅದರ ಕೋಟಿಂಗ್ ಯಂತ್ರಗಳು ಸಿನಿಮಾ ಫಿಲ್ಮಿನ ಸಾವಿರಾರು ಮೈಲಿಗೆಂದು ಕಟ್ಟಿದವು. ನಮ್ಮಂಥವರು ವರ್ಷಕ್ಕೆ ಕೊಳ್ಳುವ ಇಪ್ಪತ್ತು ಟ್ರೈ-ಎಕ್ಸ್ ರೋಲು ಆ ಆನೆಯ ಬಾಯಿಗೆ ಅರೆಕಾಸಿನ ಮಜ್ಜಿಗೆ. 2015ರಲ್ಲಿ ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳು ಇಂತಿಷ್ಟು ಫಿಲ್ಮ್ ಕೊಳ್ಳುತ್ತೇವೆಂದು ಒಪ್ಪಂದ ಮಾಡಿಕೊಂಡ ಮೇಲೇ ಆ ಯಂತ್ರಗಳಿಗೆ ಉಸಿರು ಬಂದದ್ದು. ಅಲ್ಲಿ ಟ್ರೈ-ಎಕ್ಸ್ ಇರುವುದು ಮದುವೆಮನೆಯಲ್ಲಿ ದೂರದ ನೆಂಟ ಇದ್ದ ಹಾಗೆ. ಊಟಕ್ಕೆ ಮೋಸವಿಲ್ಲ, ಆದರೆ ಮದುವೆ ಅವನದಲ್ಲ.

ಇದನ್ನು ಬೇಸರದಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ಟ್ರೈ-ಎಕ್ಸ್ ನನಗೆ ಇಷ್ಟದ ಫಿಲ್ಮು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲಿನ ಮುಂದೆ ನಿಂತು ಒಂದೇ ಬೆಳಗ್ಗೆ ಒಂದು ಕ್ಯಾಮೆರಾದಲ್ಲಿ ಟ್ರೈ-ಎಕ್ಸ್, ಇನ್ನೊಂದರಲ್ಲಿ ಇಲ್ಫರ್ಡ್ ಎಚ್‌ಪಿ5 ಪ್ಲಸ್ ಹಾಕಿ ತೆಗೆದಿದ್ದೇನೆ. ಮಾಡಿನ ಸಂದಿಯಿಂದ ಇಳಿದ ಬಿಸಿಲು ಮಲ್ಲಿಗೆ ರಾಶಿಯ ಮೇಲೆ ಬಿದ್ದಿದೆ, ಹಿಂದೆ ಮಾರುವವನ ಮುಖ ಕಡುನೆರಳಲ್ಲಿದೆ. ಟ್ರೈ-ಎಕ್ಸ್‌ನಲ್ಲಿ ಆ ಚಿತ್ರ ನೋಡಿದೊಡನೆ ಹಿಡಿದು ನಿಲ್ಲಿಸುತ್ತದೆ. ಕಪ್ಪು ಕಪ್ಪಾಗಿ, ಮುಖದ ಮಧ್ಯದ ಛಾಯೆಗಳು ಗಟ್ಟಿಯಾಗಿ ಬರುತ್ತವೆ. ಎಚ್‌ಪಿ5 ಮೊದಲ ನೋಟಕ್ಕೆ ಸಪ್ಪೆ. ಆದರೆ ಪ್ರಿಂಟ್ ಹಾಕುವಾಗ ಗೊತ್ತಾಯಿತು: ಮಲ್ಲಿಗೆಯ ಒಂದೊಂದು ಮೊಗ್ಗೂ ಎಚ್‌ಪಿ5ನಲ್ಲಿ ಬಿಡಿಬಿಡಿಯಾಗಿದೆ, ಟ್ರೈ-ಎಕ್ಸ್‌ನಲ್ಲಿ ರಾಶಿಯ ತುದಿ ಸುಣ್ಣ ಬಳಿದಂತೆ ಒಂದಾಗಿದೆ. ನಮ್ಮ ಬಿಸಿಲು ಇಂಗ್ಲೆಂಡಿನ ಮೋಡದ ಬೆಳಕಲ್ಲ. ಇಲ್ಲಿ ಕಾಂಟ್ರಾಸ್ಟನ್ನು ಸೂರ್ಯನೇ ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತಾನೆ, ಫಿಲ್ಮು ಸ್ವಲ್ಪ ಸಪ್ಪೆಯಿದ್ದರೆ ಲಾಭವೇ. ಉಪ್ಪನ್ನು ಪ್ರಿಂಟಿನಲ್ಲಿ ಸೇರಿಸಿಕೊಳ್ಳಬಹುದು.

ಝೆಕ್ ದೇಶದ ಹ್ರಾಡೆಟ್ಸ್ ಕ್ರಾಲೊವೆಯಲ್ಲಿ 1921ರಲ್ಲಿ ಶುರುವಾದ ಫೋಮಾ ಮೂರನೆಯ ದಾರಿ. ಅಗ್ಗ. ಅದರ 400 ವೇಗದ ಫಿಲ್ಮು ನಿಜವಾಗಿ 400 ಅಲ್ಲ, 200 ಎಂದುಕೊಂಡು ಹೊಡೆದರೆ ನೆರಳಿನ ಭಾಗ ಉಳಿಯುತ್ತದೆ. ಇದನ್ನು ಮೋಸ ಎಂದು ಬೈಯುವವರಿದ್ದಾರೆ. ನಾನು ಬೈಯುವುದಿಲ್ಲ, ಕಲಿಯುವ ಹುಡುಗರಿಗೆ ಇದನ್ನೇ ಹೇಳುತ್ತೇನೆ. ಪ್ರಿಂಟ್ ಹಾಕುವ ಬ್ರೋಮೈಡ್ ಪೇಪರನ್ನೂ ಫೋಮಾ ಮಾಡುತ್ತದೆ, ಇಲ್ಫರ್ಡ್ ಕೂಡ ಮಾಡುತ್ತದೆ. ಫಿಲ್ಮ್ ಸಿಗದೇ ಹೋದೀತೆಂದು ಅಳುವ ನಾವು ಪೇಪರಿನ ವಿಚಾರ ಮಾತಾಡುವುದೇ ಕಡಿಮೆ. ನಿಜವಾಗಿ ನಿದ್ದೆಗೆಡಬೇಕಾದದ್ದು ಅದಕ್ಕೆ, ಏಕೆಂದರೆ ಸ್ಕ್ಯಾನ್ ಮಾಡಿ ಮೊಬೈಲಿನಲ್ಲಿ ನೋಡುವವರೇ ಹೆಚ್ಚಾದ ಮೇಲೆ ಪೇಪರ್ ಕೊಳ್ಳುವವರು ಬೆರಳೆಣಿಕೆ.

ನಮ್ಮದೇ ಒಂದು ಕಾರ್ಖಾನೆಯೂ ಇತ್ತು ಎನ್ನುವುದನ್ನು ಈಗಿನ ಹುಡುಗರು ನಂಬುವುದಿಲ್ಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್. 1960ರಲ್ಲಿ ಸ್ಥಾಪನೆ, ಫ್ರಾನ್ಸಿನ ಬೋಶೆ ಕಂಪನಿಯ ತಂತ್ರಜ್ಞಾನ, 1967ರಲ್ಲಿ ಉತ್ಪಾದನೆ. ಎಕ್ಸ್-ರೇ ಫಿಲ್ಮ್, ಸಿನಿಮಾ ಫಿಲ್ಮ್, ಪೇಪರ್ ಎಲ್ಲ ಅಲ್ಲಿಂದ ಬರುತ್ತಿತ್ತು. ಬ್ರಾಂಡಿನ ಹೆಸರು 'ಇಂದು'. ಚಂದ್ರ ಎಂಬ ಅರ್ಥದಲ್ಲಿ ಇಟ್ಟದ್ದಿರಬಹುದು, ಕನ್ನಡದ ಕಿವಿಗೆ ಮಾತ್ರ ಅದು ನಿನ್ನೆ-ನಾಳೆಗಳ ನಡುವಿನ 'ಇಂದು'. ಸಾಲ ಏರಿತು, ತೊಂಬತ್ತರ ದಶಕದಲ್ಲಿ ರೋಗಗ್ರಸ್ತ ಉದ್ದಿಮೆ ಎನ್ನಿಸಿಕೊಂಡಿತು, 2014ರ ಹೊತ್ತಿಗೆ ಉಳಿದ ನೌಕರರಿಗೂ ಸ್ವಯಂ ನಿವೃತ್ತಿ. ಮೈಸೂರಿನಿಂದ ಬೆಳಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ತಲುಪುವ ದೂರದಲ್ಲಿದ್ದ ಕಾರ್ಖಾನೆ ಅದು. ಈಗ ಒಂದು ರೋಲು ಬೇಕೆಂದರೆ ಸುಂಕ ಕಟ್ಟಿ ಇಂಗ್ಲೆಂಡಿನಿಂದ ತರಿಸಬೇಕು, ಇಲ್ಲವೇ ಬರುವ ನೆಂಟರ ಕೈಲಿ ಕಳಿಸಿಕೊಳ್ಳಬೇಕು. ವಿಮಾನ ನಿಲ್ದಾಣದ ಹೊಸ ಸಿ.ಟಿ. ಸ್ಕ್ಯಾನರಿಗೆ ಹಾಕದೆ ಕೈಯಲ್ಲೇ ಪರೀಕ್ಷಿಸಿ ಎಂದು ಆ ನೆಂಟರು ಅಧಿಕಾರಿಗೆ ಹಲ್ಲುಗಿಂಜಬೇಕು.

ಫಿಲ್ಮಿನ ವಿಚಾರದಲ್ಲಿ ನಮ್ಮ ಕೈಯಲ್ಲಿ ಏನೂ ಇಲ್ಲ. ಬೆಳ್ಳಿಯ ಲವಣವನ್ನು ಜೆಲಟಿನ್‌ನಲ್ಲಿ ಬೆರೆಸಿ, ಕತ್ತಲಲ್ಲಿ, ಧೂಳಿಲ್ಲದ ಕಡೆ, ಕೂದಲೆಳೆಗಿಂತ ತೆಳ್ಳಗೆ ಹಾಳೆಯ ಮೇಲೆ ಹರಡುವ ಕೆಲಸ ಮನೆಯಲ್ಲಿ ಆಗದು. ಹೊಡೆದ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಡೆವಲಪರ್ ಹಾಗಲ್ಲ. ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದು ಇದೇ: ಫಿಲ್ಮಿಗೆ ಪಟ್ಟ ಚಿಂತೆಯ ಕಾಲು ಭಾಗವನ್ನು ನಾವು ಡೆವಲಪರಿಗೆ ಪಟ್ಟಿದ್ದರೆ ಅರ್ಧ ಭಯ ಹೋಗುತ್ತಿತ್ತು. ಕೊಡಕ್ ರಾಸಾಯನಿಕಗಳ ಕಥೆಯನ್ನೇ ನೋಡಿ. ತಯಾರಿಸಿ ಕೊಡುತ್ತಿದ್ದ ಜರ್ಮನಿಯ ಟೆಟೆನಾಲ್ ದಿವಾಳಿಯಾಯಿತು. ಆಮೇಲೆ ಚೀನಾದ ಸೈನೋ ಪ್ರಾಮಿಸ್ ವಹಿಸಿಕೊಂಡಿತು. ಅದೂ 2023ರಲ್ಲಿ ಕೈಬಿಟ್ಟಿತು. ಅಮೆರಿಕದ ಫೋಟೋ ಸಿಸ್ಟಮ್ಸ್ ಕೈಗೆ ಹೋಯಿತು. ಈ ಕೈ ಬದಲಾವಣೆಯ ನಡುವೆ ಎಚ್‌ಸಿ-110 ಎಂಬ ಹೆಸರಾಂತ ಡೆವಲಪರ್ 2019ರ ಸುಮಾರಿಗೆ ಬೇರೆಯೇ ಆಯಿತು. ಹಳೆಯದು ಜೇನಿನಷ್ಟು ಮಂದ, ಬಾಟಲಿ ತೆರೆದ ಮೇಲೂ ವರ್ಷಗಟ್ಟಲೆ ಕೆಡದು. ಹೊಸದು ನೀರು ನೀರು. ಕಂಪನಿಯ ಗುಟ್ಟಿನ ಪಾಕವನ್ನೇ ನಂಬಿಕೊಂಡವನಿಗೆ ಪಾಕ ಬದಲಾದರೆ ಹೇಳಲೂ ಬಾಯಿಲ್ಲ.

ಡಿ-76 ಅಂಥದ್ದಲ್ಲ. ಕೊಡಕ್‌ನ ಜಾನ್ ಕ್ಯಾಪ್‌ಸ್ಟಾಫ್ ಸಿನಿಮಾ ನೆಗೆಟಿವ್‌ಗಾಗಿ ರೂಪಿಸಿ 1927ರಲ್ಲಿ ಹೊರಬಂದ ಇದರ ಪಾಕ ಜಗತ್ತಿಗೇ ಗೊತ್ತು. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಬೋರಾಕ್ಸ್ ಅಂದರೆ ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ. ಗ್ರಂಧಿಗೆ ಅಂಗಡಿಯಲ್ಲೂ ಸಿಗುತ್ತದೆ, ಆದರೆ ನಾನು ಲ್ಯಾಬ್ ಕೆಮಿಕಲ್ ಮಾರುವವರಲ್ಲಿ ಶುದ್ಧವಾದದ್ದನ್ನೇ ತರುತ್ತೇನೆ. ಇಲ್ಫರ್ಡಿನ ಐಡಿ-11 ಕೂಡ ಮೂಲದಲ್ಲಿ ಇದೇ ಪಾಕ.

ಮಾಡುವುದರಲ್ಲಿ ಒಂದೇ ನಾಜೂಕು, ಹಾಕುವ ಕ್ರಮ. ಐವತ್ತು ಡಿಗ್ರಿಯ ಮುಕ್ಕಾಲು ಲೀಟರ್ ನೀರಿಗೆ ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್. ಚಿಟಿಕೆ ಸಲ್ಫೈಟ್ ಮೆಟಾಲನ್ನು ಗಾಳಿಯಿಂದ ಕಾಯುತ್ತದೆ. ನೂರು ಗ್ರಾಮನ್ನೂ ಒಟ್ಟಿಗೆ ಸುರಿದರೋ, ಮೆಟಾಲ್ ಕರಗದೆ ರವೆಯ ಹಾಗೆ ತಳದಲ್ಲಿ ಕೂರುತ್ತದೆ. ಮೆಟಾಲ್ ಕರಗಿ ತಿಳಿಯಾದ ಮೇಲೆ ಉಳಿದ ಸಲ್ಫೈಟ್, ನಂತರ ಹೈಡ್ರೋಕ್ವಿನೋನ್, ಕೊನೆಗೆ ಬಿಳಿಗಾರ. ಆಮೇಲೆ ತಣ್ಣೀರು ಸೇರಿಸಿ ಲೀಟರ್ ಮಾಡಿಕೊಳ್ಳುವುದು. ಮೆಟಾಲ್ ಕೆಲವರ ಚರ್ಮಕ್ಕೆ ಆಗದು, ತುರಿಕೆ ಎದ್ದು ಬೆರಳು ಬಿರಿಯುತ್ತದೆ, ಕೈಗವಸು ಬೇಕು. ಅಡುಗೆಗೆ ಬಳಸುವ ಪಾತ್ರೆ, ಸೌಟು ಮುಟ್ಟಲೇಬಾರದು.

ದೋಷವೂ ಇದೆ. ಅರ್ಧ ಖಾಲಿಯಾದ ಬಾಟಲಿಯಲ್ಲಿ ತಿಂಗಳುಗಟ್ಟಲೆ ಕುಳಿತರೆ ಡಿ-76 ಸೊರಗುವುದಿಲ್ಲ, ಉಲ್ಟಾ ಚುರುಕಾಗುತ್ತದೆ, ನೆಗೆಟಿವ್ ಗಡಸಾಗುತ್ತದೆ. ನನ್ನ ತಮ್ಮನ ಮಗಳ ನಾಮಕರಣದ ಎರಡು ರೋಲು ಹಾಗೆ ಹದ ಮೀರಿದವು. ಅದರಿಂದ ಕಲಿತದ್ದು, ಒಂದು ಲೀಟರನ್ನು ಕಾಲು ಲೀಟರಿನ ನಾಲ್ಕು ಬಾಟಲಿಗೆ ಬಾಯಿಮಟ್ಟ ತುಂಬಿಡುವುದು. ಒಂದೊಂದು ಬಾಟಲಿಗೂ ಅಷ್ಟೇ ನೀರು ಬೆರೆಸಿ ಒಂದು ಸಲಕ್ಕೆ ಬಳಸಿ ಚೆಲ್ಲುತ್ತೇನೆ. ಸಮಪಾಲು ನೀರು ಬೆರೆಸುವುದಕ್ಕೆ ಇನ್ನೊಂದು ಕಾರಣ ನಮ್ಮ ಹವೆ. ಎಚ್‌ಪಿ5ಗೆ 20 ಡಿಗ್ರಿಯಲ್ಲಿ ಗಟ್ಟಿ ಡಿ-76 ಆದರೆ ಏಳೂವರೆ ನಿಮಿಷ, ನೀರು ಬೆರೆಸಿದರೆ ಹನ್ನೊಂದು. ಬೇಸಿಗೆಯಲ್ಲಿ ನಲ್ಲಿ ನೀರೇ 27 ಡಿಗ್ರಿ ಇರುವ ಬೆಂಗಳೂರಿನಲ್ಲಿ ಐಸ್ ಇಟ್ಟು 24ಕ್ಕೆ ಇಳಿಸಿದರೂ ಗಟ್ಟಿಯದಕ್ಕೆ ಐದು ನಿಮಿಷದ ಹತ್ತಿರ ಬರುತ್ತದೆ. ಅಷ್ಟು ಕಡಿಮೆ ಹೊತ್ತಿನಲ್ಲಿ ಆಕಾಶದ ಭಾಗ ಪಟ್ಟೆ ಪಟ್ಟೆಯಾಗುವ ಭಯ. ನೀರು ಬೆರೆಸಿದ್ದು ಸಮಾಧಾನಕ್ಕೆ ಎಡೆ ಕೊಡುತ್ತದೆ.

ರೋಡಿನಾಲ್ ಎಂಬ ಇನ್ನೊಂದು ಡೆವಲಪರ್ ಬಗ್ಗೆ ಕೇಳುವವರು ಬಹಳ. 1891ರ ಪೇಟೆಂಟು, ಅಂದರೆ ಸಿನಿಮಾಕ್ಕಿಂತ ಹಳೆಯದು. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ ಮೇಲೂ ಕೆಲಸ ಮಾಡುತ್ತದೆ. ಪ್ಯಾರಾಸಿಟಮಾಲ್ ಮಾತ್ರೆಯನ್ನು ಕಾಸ್ಟಿಕ್ ಸೋಡದಲ್ಲಿ ನೆನೆಹಾಕಿ ಅದರ ತಮ್ಮನೊಬ್ಬನನ್ನು ಮನೆಯಲ್ಲೇ ಮಾಡಿಕೊಳ್ಳುವವರಿದ್ದಾರೆ. ಬಾಳಿಕೆಯ ದೃಷ್ಟಿಯಿಂದ ಇದಕ್ಕೆ ಸಮನಿಲ್ಲ. ಆದರೆ ಎಚ್‌ಪಿ5ನಂಥ ವೇಗದ ಫಿಲ್ಮಿಗೆ ಹಾಕಿದರೆ ಮುಖವೆಲ್ಲ ಚಿರೋಟಿ ರವೆ ಉದುರಿಸಿದಂತೆ ಗ್ರೇನು. ಅದನ್ನೇ ಕಲೆ ಎನ್ನುವವರ ಜೊತೆ ನನಗೆ ಜಗಳವಿಲ್ಲ, ಒಪ್ಪಿಗೆಯೂ ಇಲ್ಲ. ಎಫ್‌ಪಿ4ನಂಥ ನಿಧಾನದ ಫಿಲ್ಮಿಗೆ, ಒಂದಕ್ಕೆ ಐವತ್ತು ನೀರಿನಲ್ಲಿ, ಹಳೇಬೀಡಿನ ಕಲ್ಲಿನ ಉಳಿಗೆರೆಗಳನ್ನು ಅದು ತೋರಿಸುವಷ್ಟು ಚೂಪಾಗಿ ನಾನು ಬಳಸಿದ ಬೇರೆ ಯಾವುದೂ ತೋರಿಸಿಲ್ಲ.

1996ರ ಎಕ್ಸ್‌ಟಾಲ್ ಎಂಬ ಡೆವಲಪರ್ ಗುಣದಲ್ಲಿ ಇವೆರಡಕ್ಕಿಂತ ಮೇಲು ಎಂದು ಒಪ್ಪುತ್ತೇನೆ. ಗ್ರೇನು ನಯ, ನೆರಳಿನ ವಿವರ ಹೆಚ್ಚು. ವಿಟಮಿನ್ ಸಿಯ ಬಂಧುವೊಂದು ಅದರ ಜೀವಾಳ. ಕಬ್ಬಿಣದಂಶ ಅದರ ಶತ್ರು, ನಮ್ಮದೋ ಬೋರ್‌ವೆಲ್ ನೀರು. ಸತ್ತರೆ ಬಣ್ಣ ಬದಲಿಸಿ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಟ್ಯಾಂಕಿನಿಂದ ಖಾಲಿ ಫಿಲ್ಮು ಹೊರಬಂದಾಗಲೇ ತಿಳಿಯುವುದು. ಡಿಸ್ಟಿಲ್ಡ್ ವಾಟರ್ ಕೊಳ್ಳುವ ಶ್ರದ್ಧೆ ಇದ್ದವರು ಬಳಸಲಿ. ಇನ್ನು ಇನ್‌ಸ್ಟಂಟ್ ಕಾಫಿ, ವಾಷಿಂಗ್ ಸೋಡದಲ್ಲಿ ಫಿಲ್ಮ್ ತೊಳೆಯುವ ಕೆಫೆನಾಲ್. ಒಮ್ಮೆ ಮಾಡಿದೆ, ಚಿತ್ರ ಬಂತು. ಆ ವಾಸನೆಗೆ ಮೂರು ದಿನ ಮನೆಯಲ್ಲಿ ಯಾರೂ ಕಾಫಿ ಕುಡಿಯಲಿಲ್ಲ, ಚಿಕ್ಕಮಗಳೂರಿನ ನೆಂಟರು ಬಂದಿದ್ದ ವಾರ ಅದು.

ಈಗ ನನ್ನ ಪಾಡು ಇಷ್ಟು: ಎಚ್‌ಪಿ5, ಕೈ ಬಿಗಿಯಿದ್ದಾಗ ಫೋಮಾ, ಎರಡಕ್ಕೂ ಮನೆಯ ಡಿ-76. ಆರು ತಿಂಗಳಿಗೆ ಬೇಕಾಗುವಷ್ಟು ರೋಲು ಮಾತ್ರ. ಮೆಟಾಲ್ ಡಬ್ಬಿ ನೂರು ಗ್ರಾಮಿನದು, ಗಾಳಿ-ಬೆಳಕು ತಾಗದಂತೆ ಮುಚ್ಚಿಟ್ಟರೆ ವರ್ಷಗಳ ಮಟ್ಟಿಗೆ ಬಾಳುತ್ತದೆ. ಐವತ್ತು ಲೀಟರಿಗೆ ಸಾಕು, ಅಂದರೆ ಇನ್ನೂರು ರೋಲು. ಪ್ಲಸ್-ಎಕ್ಸ್ ಮೂರು ಉಳಿದಿವೆ. ಫ್ರಿಜ್ಜಿನ ಡ್ರಾಯರನ್ನು ಸೊಪ್ಪಿಗೆ ಬಿಟ್ಟುಕೊಟ್ಟಿದ್ದೇನೆ. ನಿನ್ನೆ ಒಂದು ಲೀಟರ್ ಕದಡಿ ನಾಲ್ಕು ಕಂದು ಬಾಟಲಿಗೆ ತುಂಬಿ ತಾರೀಖು ಬರೆದೆ. ಅದರ ಕೆಳಗೆ ದಪ್ಪ ಕೆಂಪಕ್ಷರದಲ್ಲಿ 'ಕಷಾಯವಲ್ಲ' ಎಂದು ಬರೆದವಳು ನನ್ನ ಹೆಂಡತಿ.