ತಟ್ಟೆಯ ಮೇಲೆ ಯಾರ ಹೆಸರು?

ಕನ್ನಡ ವಿಮರ್ಶೆ ಇವತ್ತಿಗೂ ಅಚ್ಚಾದದ್ದನ್ನು ಮಾತ್ರ ಪಠ್ಯ ಎಂದು ನಂಬಿಕೊಂಡು ಕೂತಿದೆ. ದಲಿತ ವಿಮರ್ಶೆಯೂ ಈ ಚಾಳಿಯಿಂದ ಪೂರ್ತಿ ಬಿಡಿಸಿಕೊಂಡಿಲ್ಲ. ಕವಿತೆ, ಕಥೆ, ಆತ್ಮಕಥೆಗಳ ಬಗ್ಗೆ ಪುಟಗಟ್ಟಲೆ ಬರೆದಿರುವ ನಾವು ಗ್ರಾಮಫೋನ್ ತಟ್ಟೆ, ಕ್ಯಾಸೆಟ್ಟುಗಳನ್ನು ಮನರಂಜನೆಯ ಲೆಕ್ಕಕ್ಕೆ ಬಿಟ್ಟುಬಿಟ್ಟಿದ್ದೇವೆ. ಅಕ್ಷರ ಬಾರದ ನಮ್ಮ ಹಿರೀಕರಿಗೆ ಪುಸ್ತಕಕ್ಕಿಂತ ಮೊದಲು ಸಿಕ್ಕಿದ್ದು ಹಾಡು. ಅದು ಯಾರ ಕೈಯಲ್ಲಿ ಮುದ್ರಣವಾಯಿತು, ಯಾರ ಹೆಸರಲ್ಲಿ ಮಾರಾಟವಾಯಿತು ಎಂದು ಕೇಳದೆ ಸಾಂಸ್ಕೃತಿಕ ರಾಜಕಾರಣದ ಮಾತಾಡಿ ಏನು ಪ್ರಯೋಜನ?

ನಾನು ಹಳೆಯ ತಟ್ಟೆ, ಕ್ಯಾಸೆಟ್ಟು ಕೂಡಿಡುವವನು. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆ, ಗುಜರಿ ಅಂಗಡಿ, ಮನೆ ಖಾಲಿ ಮಾಡುವವರು ಬೇಡವೆಂದು ಬಿಟ್ಟ ಪೆಟ್ಟಿಗೆ ಇವೇ ನನ್ನ ಗ್ರಂಥಾಲಯ. ಈ ಹುಚ್ಚಿನವರಲ್ಲಿ ಬಹಳ ಜನ ತಟ್ಟೆ ಎಷ್ಟು ಅಪರೂಪದ್ದು, ಗೀರು ಎಷ್ಟಿದೆ ಅಂತ ನೋಡಿ ಬೆಲೆ ಕಟ್ಟುತ್ತಾರೆ. ನಾನು ಮೊದಲು ನೋಡುವುದು ನಡುವೆ ಅಂಟಿಸಿದ ದುಂಡನೆಯ ಕಾಗದವನ್ನು. ಅಲ್ಲಿ ಯಾರ ಹೆಸರಿದೆ, ಯಾರದಿಲ್ಲ? ಈ ಒಂದು ಪ್ರಶ್ನೆ ಇಟ್ಟುಕೊಂಡು ಹಳತನ್ನೂ ಹೊಸತನ್ನೂ ಕೇಳಿ ನೋಡಿ, ಸಂಗೀತದ ಚರಿತ್ರೆಯೇ ಬೇರೆ ಥರ ಕಾಣುತ್ತದೆ.

78 ಸುತ್ತಿನ ಹಳೆಯ ತಟ್ಟೆಗೆ ಮುಖ್ಯವಾಗಿ ಬೇಕಾಗಿದ್ದದ್ದು ಅರಗು. ಮರದ ಕೊಂಬೆಯ ಮೇಲೆ ಹುಳು ಕಟ್ಟಿದ ಅರಗನ್ನು ಛೋಟಾ ನಾಗಪುರದ ಕಾಡುಗಳಲ್ಲಿ ಆದಿವಾಸಿಗಳು ಬಿಡಿಸಿ ತರುತ್ತಿದ್ದರು. ಅದಕ್ಕೆ ಕಲ್ಲಿನ ಪುಡಿ ಬೆರೆಸಿ ಒತ್ತಿದರೆ ತಟ್ಟೆ. 1908ರಿಂದ ಕಲ್ಕತ್ತದಲ್ಲೇ ಒತ್ತುವ ಕಾರ್ಖಾನೆ ಶುರುವಾಯಿತು. ಅಂಥ ತಟ್ಟೆಯಲ್ಲಿ ಒಂದು ಕೀರ್ತನೆ ಇದೆ ಅನ್ನಿ. ಹಾಡಿದವರ ಹೆಸರು ದಪ್ಪಕ್ಷರದಲ್ಲಿ. ಪಿಟೀಲು, ಮೃದಂಗದವರ ಹೆಸರು ಸಣ್ಣಕ್ಷರದಲ್ಲಿ, ಎಷ್ಟೋ ತಟ್ಟೆಗಳಲ್ಲಿ ಅದೂ ಇಲ್ಲ. ಮೃದಂಗ ಕಟ್ಟಿದವನ ಹೆಸರಂತೂ ನನ್ನ ಬಳಿಯ ಒಂದು ತಟ್ಟೆಯಲ್ಲೂ ಇಲ್ಲ. ಹಸು, ಆಡು, ಎಮ್ಮೆ ಮೂರರ ತೊಗಲೂ ಸೇರದೆ ಮೃದಂಗ ಆಗುವುದಿಲ್ಲ. ಆ ತೊಗಲನ್ನು ಆರಿಸಿ, ಹದ ಮಾಡಿ, ಶ್ರುತಿಗೆ ಕೂರಿಸುವ ಕೆಲಸವನ್ನು ತಮಿಳುನಾಡಿನಲ್ಲಿ ತಲೆಮಾರುಗಳಿಂದ ಮಾಡಿಕೊಂಡು ಬಂದವರಲ್ಲಿ ಹೆಚ್ಚಿನವರು ದಲಿತ ಕ್ರೈಸ್ತರು. ಗಾಯಕ ಟಿ.ಎಂ. ಕೃಷ್ಣ ಇವರ ಬಗ್ಗೆ ಬರೆದ 'ಸೆಬಾಸ್ಟಿಯನ್ ಅಂಡ್ ಸನ್ಸ್' ಪುಸ್ತಕ 2020ರಲ್ಲಿ ಬಂತು. ಅದರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈನ ಕಲಾಕ್ಷೇತ್ರ ವಾಪಸು ಪಡೆಯಿತು. ಅರಗು ಆದಿವಾಸಿ ತಂದದ್ದು, ತೊಗಲು ದಲಿತ ಹದ ಮಾಡಿದ್ದು, ನಾದ ಮಾತ್ರ ಮಡಿ! ನಾದಬ್ರಹ್ಮನಿಗೆ ತೊಗಲಿನ ವಾಸನೆ ಬಾರದಂತೆ ನೋಡಿಕೊಂಡದ್ದು ಆ ದುಂಡನೆಯ ಕಾಗದವೇ.

ಹಾಗಂತ ಹಳೆಯ ತಟ್ಟೆಗಳೆಲ್ಲ ಪುರೋಹಿತಶಾಹಿಯ ಸ್ವತ್ತು ಎಂದು ತಳ್ಳಿಹಾಕುವವನಲ್ಲ ನಾನು. 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದಳು. 'ಮಾನವಂತರ ಮನೆ'ಯ ಹೆಂಗಸರು ಕಹಳೆಯ ಮುಂದೆ ನಿಲ್ಲಲು ಹೆದರುತ್ತಿದ್ದ ಕಾಲ ಅದು. ಹಾಡು ಮುಗಿಯುತ್ತಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಕೂಗಿ ಹೇಳುತ್ತಾಳೆ. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಒತ್ತುವವರಿಗೆ ಹಾಡಿದ್ದು ಯಾರೆಂದು ತಿಳಿಯಲಿ ಅಂತ ಈ ಏರ್ಪಾಟು ಎನ್ನುತ್ತಾರೆ. ಕಾರಣ ಏನಾದರೂ ಇರಲಿ, ಆ ಮೂರು ನಿಮಿಷದಲ್ಲಿ ನನಗೆ ಅತ್ಯಂತ ದೊಡ್ಡ ಸಂಗೀತವಾಗಿ ಕೇಳುವುದು ಆ ಕೂಗು. ಸಮಾಜ ಹೊರಗಿಟ್ಟ ಹೆಣ್ಣೊಬ್ಬಳು ಯಂತ್ರವನ್ನೇ ಸಾಕ್ಷಿಯಾಗಿ ನಿಲ್ಲಿಸಿಕೊಂಡಿದ್ದಾಳೆ.

ಈಗ ನಮ್ಮ ಕ್ಯಾಸೆಟ್ಟುಗಳಿಗೆ ಬನ್ನಿ. ನಿಸಾರ್ ಅಹಮದರ 'ನಿತ್ಯೋತ್ಸವ' 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದ ಮೇಲೆ ಭಾವಗೀತೆಯ ಧ್ವನಿಸುರುಳಿಗಳಿಗೆ ದಾರಿ ತೆರೆಯಿತು. ಕವಿಯ ಹೆಸರು ಹೊದಿಕೆಯ ಮೇಲೆ ಬಂತು, ಸಂತೋಷ. ಅದೇ ಅಂಗಡಿಯ ಅದೇ ಸಾಲಿನಲ್ಲಿದ್ದ ಜಾನಪದ ಕ್ಯಾಸೆಟ್ಟುಗಳನ್ನು ನೋಡಿ: ಹಾಡಿದವರು ಸಿನಿಮಾ ಗಾಯಕರು, ಸಂಗೀತ ಇಂಥವರದು, ಸಾಹಿತ್ಯ 'ಜನಪದ'. ಈ ಜನಪದ ಅನ್ನೋ ಮಹಾಶಯ ಯಾವ ಊರಿನವನು? ಯಾವ ಕೇರಿಯವನು? ಸಂಭಾವನೆ ಕೇಳೋಕೆ ಅವನು ಬರುವುದೇ ಇಲ್ಲವಲ್ಲ! ಮಂಟೇಸ್ವಾಮಿಯ ಕತೆಯನ್ನು ರಾತ್ರಿಯಿಡೀ ಹಾಡುವ ನೀಲಗಾರರು ದೀಕ್ಷೆ ಪಡೆದವರು. ಅವರಿಗೆ ಗುರು ಇದ್ದಾನೆ, ಪಾಠ ಇದೆ, ಒಬ್ಬೊಬ್ಬರಿಗೂ ಒಂದೊಂದು ಧಾಟಿ ಇದೆ. ಕ್ಯಾಸೆಟ್ಟು ಅವರನ್ನು ಹೆಸರಿಲ್ಲದ ಸಮೂಹ ಮಾಡಿತು. ಓದಿದವನು ಬರೆದರೆ ಕವಿ, ಓದದವನು ಕಟ್ಟಿದರೆ ಜನಪದ. ನನ್ನ ಸಂಗ್ರಹದಲ್ಲಿ ಅತ್ಯಂತ ನುಣುಪಾಗಿ ಕೇಳುವ, ನನಗೆ ಅತ್ಯಂತ ಬೇಸರ ತರಿಸುವ ಧ್ವನಿಸುರುಳಿಗಳು ಇವೇ.

ಚಳವಳಿಯ ಹಾಡಿನ ಕತೆ ಬೇರೆ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಆ ಕವಿತೆಗಳು ಸ್ಟುಡಿಯೋಗೆ ಕಾಯಲಿಲ್ಲ. ಜಾಥಾಗಳಲ್ಲಿ, ಬೀದಿಗಳಲ್ಲಿ, ತಮಟೆಯ ಜತೆ ಊರೂರು ತಿರುಗಿದವು. ಹಾಗೆ ಯಾರೋ ಹಿಡಿದುಕೊಂಡು ಆಮೇಲೆ ಕೈಯಿಂದ ಕೈಗೆ ನಕಲಾದ ಕೆಲವು ಕ್ಯಾಸೆಟ್ಟುಗಳು ನನ್ನಲ್ಲಿವೆ. ನಡುವೆ ಬಸ್ಸಿನ ಹಾರ್ನು, ಕೆಮ್ಮು, ಕೂಸಿನ ಅಳು. ಸಂಗ್ರಹಕಾರರೊಬ್ಬರು ಇವನ್ನು ಕೇಳಿ 'ಕ್ವಾಲಿಟಿ ಇಲ್ಲ' ಅಂದರು. ಆ ಗದ್ದಲವೇ ಅದರ ಕ್ವಾಲಿಟಿ. ಹಾಡು ಯಾರ ನಡುವೆ ಹುಟ್ಟಿತು ಎಂದು ಬೇರೆ ಯಾವ ಧ್ವನಿಸುರುಳಿ ಇಷ್ಟು ಪ್ರಾಮಾಣಿಕವಾಗಿ ಹೇಳುತ್ತದೆ?

ತಮಟೆಯ ಬಗ್ಗೆ ನಮ್ಮೊಳಗೇ ಒಂದು ಜಗಳ ಇದೆ. ಸಾವಿಗೆ, ಸಾರುವುದಕ್ಕೆ ಬಿಟ್ಟಿಯಾಗಿ ಬಡಿಸಿಕೊಂಡ ತಮಟೆಯನ್ನು ಎಸೆಯಬೇಕು ಎಂದವರಿದ್ದಾರೆ. ಅವರ ಮಾತಿನ ಹಿಂದೆ ತಲೆಮಾರುಗಳ ಅವಮಾನ ಇದೆ, ಅದನ್ನು ಹಗುರವಾಗಿ ನೋಡಬಾರದು. ಕಲೆಯಾಗಿ ಉಳಿಸಿಕೊಳ್ಳಬೇಕು ಎಂದವರೂ ಇದ್ದಾರೆ. ನನ್ನ ನಿಲುವು ಇಷ್ಟು: ಬಿಟ್ಟಿ ಚಾಕರಿ ನಿಲ್ಲಬೇಕು, ಬಡಿತ ನಿಲ್ಲಬಾರದು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿಯಿಂದ ಕೇರಿಯ ಬದುಕು ಬದಲಾಗದು, ಆದರೆ ಬಡಿಯುವ ಕೈಗೆ ಹೆಸರು ಸಿಕ್ಕಿತು.

ಆದರೆ ಇತ್ತೀಚಿನ ಅಂಬೇಡ್ಕರ್ ಜಯಂತಿಯ ಆಲ್ಬಂಗಳನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ. ಬಹುಪಾಲು ಸಿನಿಮಾ ಧಾಟಿ, ಮೇಲೆ ರಿದಂ ಪ್ಯಾಡು. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸದೆ ದನಿ ಏಳುವುದಿಲ್ಲ. ಏಸಿ ಹಾಕಿದ ಸ್ಟುಡಿಯೋದಲ್ಲಿ ಬೆಂಕಿ ಎಲ್ಲಿ ಹಾಕೋದು ಅಂತ ಕೇಳುತ್ತಾರೆ. ಗುಂಡಿ ಒತ್ತಿದರೆ ತಮಟೆಯಂಥದೇ ಸದ್ದು ಬರುತ್ತದೆ, ನಿಜ. ಬಡಿಯುವವನು ಮಾತ್ರ ಬಾಗಿಲ ಹೊರಗೆ. ಬಾಬಾಸಾಹೇಬರ ಹೆಸರಿನ ಹಾಡಿನಲ್ಲೇ ಅವನನ್ನು ಹೊರಗಿಟ್ಟರೆ ನಾವು ಯಾರನ್ನು ಅಂತ ಬಯ್ಯೋಣ?

ಬೇರೆ ದಾರಿ ಇಲ್ಲವೇ? ನೆರೆಯ ತಮಿಳಿನ ಕಡೆ ನೋಡಿ. ದಲಿತ ಕುಟುಂಬದಲ್ಲಿ ಹುಟ್ಟಿದ ಇಳಯರಾಜಾ 1986ರಲ್ಲಿ ತ್ಯಾಗರಾಜರಿಗೂ ಜರ್ಮನಿಯ ಬಾಖ್‌ಗೂ ಅರ್ಪಿಸಿ 'ಹೌ ಟು ನೇಮ್ ಇಟ್?' ತಂದರು. ಏನೆಂದು ಹೆಸರಿಡಲಿ ಎಂಬುದೇ ಆಲ್ಬಂನ ಹೆಸರು. ಅವರು ಜಾತಿಯ ಮಾತೆತ್ತಲು ಒಪ್ಪುವವರಲ್ಲ, ಅದು ಅವರ ಹಕ್ಕು. ಆದರೂ ಶಾಸ್ತ್ರೀಯದ ಒಳಮನೆಗೆ ಅಪ್ಪಣೆ ಕೇಳದೆ ನಡೆದುಹೋದ ಆ ಧೈರ್ಯ ನನಗೆ ಇಷ್ಟ. 2017ರಲ್ಲಿ ಪಾ. ರಂಜಿತ್ ಕಟ್ಟಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಇದಕ್ಕೆ ಪೂರ್ತಿ ಉಲ್ಟಾ. ಚೆನ್ನೈನ ಕೊಳೆಗೇರಿಗಳ ಗಾನಾ ಹಾಡಿಗೆ ರ‍್ಯಾಪು ಬೆರೆಸಿ, ಜಾತಿಯ ಮಾತನ್ನೇ ವೇದಿಕೆಗೆ ತಂದರು. ಆ ಹೆಸರು ಅಯೋತಿದಾಸ ಪಂಡಿತರ ವಿಚಾರದಿಂದ ಬಂದದ್ದು. ಪಂಡಿತರ ಬೌದ್ಧ ಸಂಘ ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಇತ್ತು, ಆ ಲೆಕ್ಕದಲ್ಲಿ ಇದು ನಮ್ಮ ಪರಂಪರೆಯೂ ಹೌದು.

ಅದೇ ತಂಡದ ಅರಿವು, ಸಿಲೋನಿನ ಚಹಾ ತೋಟದಲ್ಲಿ ದುಡಿದ ತನ್ನ ಅಜ್ಜಿಯ ನೆನಪನ್ನಿಟ್ಟು ಬರೆದು ಹಾಡಿದ 'ಎಂಜಾಯ್ ಎಂಜಾಮಿ' 2021ರಲ್ಲಿ ದೇಶವನ್ನೇ ಕುಣಿಸಿತು. ಅದೇ ವರ್ಷ ಆಗಸ್ಟಿನಲ್ಲಿ 'ರೋಲಿಂಗ್ ಸ್ಟೋನ್ ಇಂಡಿಯಾ' ಪತ್ರಿಕೆಯ ಮುಖಪುಟದಲ್ಲಿ ಆ ಹಾಡಿನ ಗಾಯಕಿ ಇದ್ದಳು, ಅರಿವು ಇರಲಿಲ್ಲ. ಗಲಾಟೆ ಆದಮೇಲೆ ಅವನಿಗೆ ಇನ್ನೊಂದು ಮುಖಪುಟ ಕೊಟ್ಟರು. ಅರಗಿನ ಕಾಲದಿಂದ ಇಲ್ಲಿಗೆ ನೂರು ವರ್ಷ ದಾಟಿದೆ. ಹೆಸರನ್ನು ಈಗಲೂ ಗಲಾಟೆ ಮಾಡಿಯೇ ಪಡೆಯಬೇಕಾಗಿದೆ.

ಇವತ್ತು ಹಾಡೆಲ್ಲ ಫೋನಿನೊಳಗೆ ಸೇರಿಕೊಂಡು ನಡುವಿನ ಕಾಗದವೂ ಹೋಯಿತು. ಆದ್ದರಿಂದ ಈ ಕೆಲಸ ನಮ್ಮ ಮೇಲೇ ಬಿದ್ದಿದೆ. ವಿಮರ್ಶೆ ಬರೆಯುವ ಗೆಳೆಯರು ಪುಸ್ತಕದಷ್ಟೇ ಶ್ರದ್ಧೆಯಿಂದ ಒಂದು ಆಲ್ಬಂ ಕೇಳಿ ಬರೆಯಲಿ. ವಿದ್ಯಾರ್ಥಿಗಳು ತಮ್ಮ ಕೇರಿಯ ಹಾಡುಗಾರರನ್ನು ಮುದ್ರಿಸಿಕೊಂಡು ಹೆಸರು, ಊರು, ಕಲಿಸಿದವರು ಯಾರು ಎಂದು ಬರೆದಿಡಲಿ. ಸಂಘಟನೆಯ ಗೆಳೆಯರು ಮುಂದಿನ ಜಯಂತಿಗೆ ಹಾಡು ತರುವಾಗ ಸ್ಟುಡಿಯೋದ ಅಂಗಳದಲ್ಲಿ ಒಂದು ಹಿಡಿ ಹುಲ್ಲಿಗೆ ಬೆಂಕಿ ಹಾಕಲಿ, ತಮಟೆ ಕಾಯಲಿ. ಬಡಿದವರಿಗೆ ಕೂಲಿ ಕೊಡಿ. ಹಾಡಿದವರ ಹೆಸರಿನ ಅಳತೆಯಲ್ಲೇ ಅವರ ಹೆಸರನ್ನೂ, ತೊಗಲು ಬಿಗಿದವರ ಹೆಸರನ್ನೂ ಹಾಕಿಸಿ.